ಬಗ್ಗಿದಾಗ ಮಸುಕಾಗುವ ಚೆಂಡು: ಸ್ನೂಕರ್ ಆಟಗಾರರಿಗೆ ಕನ್ನಡಕ, ಕಾಂಟ್ಯಾಕ್ಟ್ ಲೆನ್ಸ್ ಮಾರ್ಗದರ್ಶಿ

“ನಿಂತಾಗ ಎಲ್ಲ ಚೆನ್ನಾಗಿ ಕಾಣುತ್ತದೆ, ಬಗ್ಗಿದ ತಕ್ಷಣ ಚೆಂಡು ಮಸುಕಾಗುತ್ತದೆ. ಏನು ಮಾಡಲಿ?” ಓದುಗರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಕೆಲವರು ಎರಡು ಮೂರು ಕನ್ನಡಕ ಮಾಡಿಸಿ ಸೋತಿದ್ದಾರೆ. ಕೆಲವರು ಕನ್ನಡಕವನ್ನು ಜೇಬಿಗೆ ಸೇರಿಸಿ ಅಂದಾಜಿನ ಮೇಲೆ ಹೊಡೆಯುತ್ತಿದ್ದಾರೆ. ಒಬ್ಬೊಬ್ಬರಿಗೂ ಬಿಡಿಯಾಗಿ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಹೇಳುತ್ತೇನೆ.

ತೊಂದರೆಯ ಬೇರು ಸರಳವಾಗಿದೆ. ಕಣ್ಣಿನ ಪರೀಕ್ಷೆಯಲ್ಲಿ ನೀವು ನೆಟ್ಟಗೆ ಕುಳಿತು ಎದುರಿನ ಅಕ್ಷರ ಓದುತ್ತೀರಿ. ಸ್ನೂಕರ್ ಮೇಜಿನ ಮೇಲೆ ಗಲ್ಲ ಕ್ಯೂಗೆ, ಅಂದರೆ ಚೆಂಡು ಹೊಡೆಯುವ ಕೋಲಿಗೆ, ತಾಗುವಷ್ಟು ಬಗ್ಗಿ, ಹುಬ್ಬಿನ ಕೆಳಗಿನಿಂದ ಮೇಲ್ಮುಖವಾಗಿ ನೋಡುತ್ತೀರಿ. ಕನ್ನಡಕದ ಗಾಜು ಕಣ್ಣಿನಿಂದ ಸುಮಾರು 12 ಮಿಲಿಮೀಟರ್ ಮುಂದಿರುತ್ತದೆ. ನೋಟ 30 ಡಿಗ್ರಿ ಮೇಲೆದ್ದರೆ ಅದು ಗಾಜನ್ನು ಹಾಯುವ ಜಾಗ ಹೆಚ್ಚುಕಡಿಮೆ 15 ಮಿಲಿಮೀಟರ್ ಮೇಲಕ್ಕೆ ಹೋಗುತ್ತದೆ. ಈಗಿನ ಸಣ್ಣ ಫ್ರೇಮುಗಳಲ್ಲಿ ಅಲ್ಲಿ ಗಾಜೇ ಇರುವುದಿಲ್ಲ, ಅಂಚಿನ ಪಟ್ಟಿ ಇರುತ್ತದೆ. ನೀವು ಚೆಂಡನ್ನು ನೋಡುತ್ತಿರುವುದು ಕನ್ನಡಕದ ಮೇಲಿನಿಂದ, ಅಂದರೆ ಬರಿಗಣ್ಣಿನಿಂದ. ಆದ್ದರಿಂದ ಕೆಳಗಿನ ಪ್ರತಿ ಹಂತದಲ್ಲೂ ನಾನು ಒಂದೇ ಹಟ ಹಿಡಿಯುತ್ತೇನೆ: ಯಾವ ಅಳತೆಯನ್ನೂ ನಿಂತು ತೆಗೆಸಬೇಡಿ, ಬಗ್ಗಿ ತೆಗೆಸಿ.

(ಫ್ರೇಮ್ ಎಂಬ ಮಾತು ಕನ್ನಡಕಕ್ಕೂ ಆಟಕ್ಕೂ ಇದೆ. ಗೊಂದಲ ಬೇಡವೆಂದು ಇಲ್ಲಿ ಅದನ್ನು ಕನ್ನಡಕಕ್ಕಷ್ಟೇ ಬಿಟ್ಟುಕೊಡುತ್ತೇನೆ.)

1. ತಪ್ಪು ಕಣ್ಣಿನದೋ, ಕನ್ನಡಕದ್ದೋ ಎಂದು ಮೊದಲು ನೋಡಿಕೊಳ್ಳಿ

ಮೇಜಿನ ಆ ತುದಿಯ ಅಂಚುಪಟ್ಟಿಗೆ, ಅಂದರೆ ಕುಶನ್‌ಗೆ ದಿನಪತ್ರಿಕೆಯ ಒಂದು ಪುಟವನ್ನು ಒರಗಿಸಿ ನಿಲ್ಲಿಸಿ. ಈ ತುದಿಯಲ್ಲಿ ಕ್ಯೂ ಹಿಡಿದು, ನಿಜವಾಗಿ ಹೊಡೆಯುವವರಂತೆ ಬಗ್ಗಿ. ಶೀರ್ಷಿಕೆಯ ಅಕ್ಷರಗಳ ಅಂಚು ಹೇಗಿದೆ ನೋಡಿ. ಈಗ ಕ್ಯೂ ಬಿಟ್ಟು, ಕಣ್ಣು ಅದೇ ಎತ್ತರದಲ್ಲಿರುವಂತೆ ಮಂಡಿಯೂರಿ, ಮುಖ ನೆಟ್ಟಗೆ ಮಾಡಿ ಅದೇ ಅಕ್ಷರಗಳನ್ನು ನೋಡಿ. ಮಂಡಿಯೂರಿದಾಗ ಸ್ಪಷ್ಟವಾಗಿದ್ದು ಬಗ್ಗಿದಾಗ ಮಸುಕಾದರೆ ನಂಬರ್ ಸರಿಯಿದೆ, ಕನ್ನಡಕದ ಆಕಾರ ತಪ್ಪಾಗಿದೆ. ಎರಡರಲ್ಲೂ ಮಸುಕಾದರೆ ನಂಬರೇ ಬದಲಾಗಿರಬಹುದು. ಒಂದೊಂದೇ ಕಣ್ಣು ಮುಚ್ಚಿಯೂ ಇದನ್ನು ಮಾಡಿ. ಒಂದು ಕಣ್ಣು ಮಂಜಾಗಿರುವುದು ಎಷ್ಟೋ ಜನರಿಗೆ ಗೊತ್ತಾಗುವುದೇ ಆಗ.

2. ಯಜಮಾನ ಕಣ್ಣು ಯಾವುದು?

ಎರಡು ಕಣ್ಣುಗಳಲ್ಲಿ ಗುರಿಯ ವಿಷಯದಲ್ಲಿ ಮಿದುಳು ಹೆಚ್ಚು ನಂಬುವುದು ಒಂದನ್ನು. ಅದನ್ನೇ ಯಜಮಾನ ಕಣ್ಣು ಎನ್ನುತ್ತಿದ್ದೇನೆ. ಎರಡೂ ಕೈಗಳನ್ನು ಮುಂದೆ ಚಾಚಿ, ಹೆಬ್ಬೆರಳು ಮತ್ತು ತೋರುಬೆರಳುಗಳ ನಡುವೆ ಸಣ್ಣ ಕಿಂಡಿ ಮಾಡಿ, ಅದರೊಳಗಿಂದ ದೂರದ ಕಪ್ಪು ಚೆಂಡನ್ನು ನೋಡಿ. ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣು ತೆರೆದಿದ್ದಾಗ ಚೆಂಡು ಕಿಂಡಿಯಲ್ಲೇ ಉಳಿಯುತ್ತದೋ ಅದು ಯಜಮಾನ.

ಇದನ್ನು ತಿಳಿದುಕೊಳ್ಳುವುದು ಕ್ಯೂ ಹಿಡಿಯುವ ಕ್ರಮವನ್ನು ಬದಲಾಯಿಸಲಿಕ್ಕಲ್ಲ. ಹತ್ತು ವರ್ಷ ಗಲ್ಲದ ನಡುವೆ ಕ್ಯೂ ಇಟ್ಟು ಆಡಿದವರು ಈ ಪರೀಕ್ಷೆ ಮಾಡಿಕೊಂಡ ಮರುದಿನವೇ ಅದನ್ನು ಎಡಗಣ್ಣಿನ ಕೆಳಗೆ ಸರಿಸಿ ಆಟ ಕೆಡಿಸಿಕೊಂಡದ್ದನ್ನು ನೋಡಿದ್ದೇನೆ. ಕಣ್ಣು ಪರೀಕ್ಷಿಸುವವರಿಗೆ ಹೇಳಲು ಈ ಮಾಹಿತಿ ಬೇಕು: ಎಲ್ಲಾದರೂ ರಾಜಿ ಮಾಡಿಕೊಳ್ಳಬೇಕಾಗಿ ಬಂದರೆ ಅದು ಯಜಮಾನ ಕಣ್ಣಿನಲ್ಲಿ ಆಗಬಾರದು.

3. ಪರೀಕ್ಷೆಗೆ ಹೋಗುವಾಗ ಅಳತೆಪಟ್ಟಿಯ ಲೆಕ್ಕವನ್ನೂ ಒಯ್ಯಿರಿ

“ಸ್ನೂಕರ್ ಆಡುತ್ತೇನೆ” ಎಂದಷ್ಟೇ ಹೇಳಿದರೆ ಕಣ್ಣಿನ ವೈದ್ಯರಿಗಾಗಲಿ ಆಪ್ಟೋಮೆಟ್ರಿಸ್ಟ್‌ಗಾಗಲಿ, ಅಂದರೆ ಕಣ್ಣಿನ ನಂಬರ್ ಅಳೆಯಲು ತರಬೇತಿ ಪಡೆದವರಿಗಾಗಲಿ, ಏನೂ ಹೊಳೆಯುವುದಿಲ್ಲ. ಲೆಕ್ಕ ಕೊಡಿ. ದೊಡ್ಡ ಮೇಜಿನ ಆಡುವ ಜಾಗ 3569 ಮಿಲಿಮೀಟರ್ ಉದ್ದ, 1778 ಮಿಲಿಮೀಟರ್ ಅಗಲ. ಚೆಂಡಿನ ವ್ಯಾಸ 52.5 ಮಿಲಿಮೀಟರ್. ಬಗ್ಗಿದಾಗ ಬಿಳಿ ಚೆಂಡು ನಿಮ್ಮ ಕಣ್ಣಿನಿಂದ ಮುಕ್ಕಾಲು ಮೀಟರ್ ಆಸುಪಾಸಿನಲ್ಲಿರುತ್ತದೆ, ಎದುರಿನ ಪಾಕೆಟ್ ಮೂರೂವರೆ ಮೀಟರಿಗಿಂತ ಸ್ವಲ್ಪ ಆಚೆ. ಸ್ನೇಹಿತರಿಂದ ಪಕ್ಕದಿಂದಲೂ ಎದುರಿನಿಂದಲೂ ನಿಮ್ಮ ಭಂಗಿಯ ಫೋಟೊ ತೆಗೆಸಿ ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಹತ್ತು ಮಾತಿನ ಕೆಲಸ ಆ ಒಂದು ಫೋಟೊ ಮಾಡುತ್ತದೆ.

ಚೀಟಿಯಲ್ಲಿ ಬರುವ ಪದಗಳು ಇಷ್ಟೇ. ಮೈನಸ್ ನಂಬರ್ ಸಮೀಪದೃಷ್ಟಿಗೆ, ದೂರದ್ದು ಮಂಜಾಗುವವರಿಗೆ. ಪ್ಲಸ್ ನಂಬರ್ ಅದರ ತಿರುಗುಮುರುಗು. ಸಿಲಿಂಡರ್ ಎಂದರೆ ಕಣ್ಣಿನ ಮುಂಭಾಗ ಗೋಲಿಯಂತೆ ಎಲ್ಲ ಕಡೆ ಸಮನಾಗಿ ಬಾಗದೆ ಮೊಟ್ಟೆಯ ಹಾಗೆ ಒಂದು ಕಡೆ ಹೆಚ್ಚು ಬಾಗಿದ್ದಾಗ ಬೇಕಾಗುವ ತಿದ್ದುಪಡಿ, ಆಕ್ಸಿಸ್ ಅದರ ದಿಕ್ಕು. ನಂಬರನ್ನು ಅಳೆಯುವ ಮಾನ ಡಯಾಪ್ಟರ್. ದಿನನಿತ್ಯದ ಬದುಕಿನಲ್ಲಿ ಅರ್ಧ ಡಯಾಪ್ಟರ್ ಸಿಲಿಂಡರನ್ನು “ಇರಲಿ ಬಿಡಿ” ಎಂದು ಬಿಡುವವರಿದ್ದಾರೆ. ಮೂರು ಮೀಟರ್ ಆಚೆಯ ಚೆಂಡಿನ ಅಂಚನ್ನು ಹುಡುಕುವ ನಿಮಗೆ ಅದು ಬೇಕೋ ಬೇಡವೋ ಎಂದು ಗಾಜು ಹಾಕಿ, ತೆಗೆದು, ಹೋಲಿಸಿ ನೋಡಿದ ಮೇಲೆಯೇ ತೀರ್ಮಾನಿಸಿ.

4. ಕನ್ನಡಕವೋ ಲೆನ್ಸೋ

ನನ್ನ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ನಲವತ್ತರ ಒಳಗಿನವರಿಗೆ, ಕಣ್ಣು ಒಣಗುವ ತೊಂದರೆ ಇಲ್ಲದಿದ್ದರೆ, ಮೊದಲು ಪ್ರಯತ್ನಿಸಬೇಕಾದದ್ದು ಕಾಂಟ್ಯಾಕ್ಟ್ ಲೆನ್ಸ್. ಅದು ಕಣ್ಣಿನ ಜೊತೆಗೇ ಚಲಿಸುವುದರಿಂದ ನೀವು ಎಷ್ಟೇ ಬಗ್ಗಿದರೂ ನೋಟ ಲೆನ್ಸಿನ ನಡುವಿನಿಂದಲೇ ಹಾಯುತ್ತದೆ. ಎರಡು ಕಣ್ಣಿನ ನಂಬರ್‌ಗಳ ನಡುವೆ ಅಂತರ ಹೆಚ್ಚಿದ್ದವರಿಗಂತೂ ಇದು ವರ.

ಯಾಕೆಂದು ನೋಡಿ. ಕನ್ನಡಕದ ಗಾಜಿನ ಕೇಂದ್ರಬಿಂದುವನ್ನು ಬಿಟ್ಟು ಆಚೀಚೆ ನೋಡಿದರೆ ಗಾಜು ಬೆಳಕನ್ನು ಪಕ್ಕಕ್ಕೆ ತಳ್ಳುತ್ತದೆ. ಇದಕ್ಕೆ ಪ್ರಿಸಂ ಪರಿಣಾಮ ಎಂದು ಹೆಸರು. ನಂಬರನ್ನು ಸೆಂಟಿಮೀಟರಿನಲ್ಲಿರುವ ದೂರದಿಂದ ಗುಣಿಸಿದರೆ, ಒಂದು ಮೀಟರಿಗೆ ಎಷ್ಟು ಸೆಂಟಿಮೀಟರ್ ಪಲ್ಲಟ ಎಂಬುದು ಸಿಗುತ್ತದೆ. ಒಂದು ಕಣ್ಣು ಮೈನಸ್ 1, ಇನ್ನೊಂದು ಮೈನಸ್ 3 ಎಂದುಕೊಳ್ಳಿ. ಕೇಂದ್ರದಿಂದ ಒಂದೂವರೆ ಸೆಂಟಿಮೀಟರ್ ಮೇಲಿನಿಂದ ನೋಡಿದರೆ ಎರಡು ಕಣ್ಣಿನ ಚಿತ್ರಗಳು ಮೀಟರಿಗೆ ಮೂರು ಸೆಂಟಿಮೀಟರ್ ಮೇಲೆ ಕೆಳಗಾಗುತ್ತವೆ. ಎರಡು ಮೀಟರ್ ದೂರದ ಚೆಂಡಿಗೆ ಅದು ಆರು ಸೆಂಟಿಮೀಟರ್, ಚೆಂಡಿನ ವ್ಯಾಸಕ್ಕಿಂತ ಹೆಚ್ಚು. ಮೇಲೆ ಕೆಳಗಿನ ವ್ಯತ್ಯಾಸವನ್ನು ಕಣ್ಣುಗಳು ಬಹಳ ಕಡಿಮೆ ಸಹಿಸುತ್ತವೆ. ಒಂದೋ ಚೆಂಡು ಎರಡಾಗಿ ಕಾಣುತ್ತದೆ, ಇಲ್ಲವೇ ಮಿದುಳು ಒಂದು ಕಣ್ಣನ್ನು ಸುಮ್ಮನಾಗಿಸುತ್ತದೆ. ಕೆಲವರಿಗೆ ಹುಬ್ಬಿನ ಮೇಲೆ ಬರುವ ತಲೆನೋವಿಗೂ ಇದೇ ಕಾರಣವಿರಬಹುದು.

ಹಾಗೆಂದು ಕನ್ನಡಕ ಹಾಕಿದವರು ಗೆದ್ದಿಲ್ಲವೆಂದಲ್ಲ. ಹಿಂದಿನ ತಲೆಮಾರಿನ ವಿಶ್ವ ಚಾಂಪಿಯನ್ ಫ್ರೆಡ್ ಡೇವಿಸ್ ಗಾಜು ಓರೆಯಾಗಿ ತಿರುಗುವ ಕನ್ನಡಕ ಹಾಕಿ ಆಡಿದರು. 1985ರ ವಿಶ್ವ ಚಾಂಪಿಯನ್‌ಶಿಪ್ ಫೈನಲ್‌ನಲ್ಲಿ ಕೊನೆಯ ಕಪ್ಪು ಚೆಂಡಿನವರೆಗೆ ಎಳೆದು ಸ್ಟೀವ್ ಡೇವಿಸ್ ಅವರನ್ನು 18-17ರಿಂದ ಸೋಲಿಸಿದ ಡೆನಿಸ್ ಟೇಲರ್ ಅವರ ಮೂಗಿನ ಮೇಲಿದ್ದದ್ದು, ತಲೆಕೆಳಗಾಗಿ ಹಾಕಿಕೊಂಡಂತೆ ಕಾಣುವ ದೊಡ್ಡ ಕನ್ನಡಕ. ಜನ ನಕ್ಕಿರಬಹುದು. ಅದರ ಪ್ರತಿ ಮಿಲಿಮೀಟರಿಗೂ ಕಾರಣವಿತ್ತು.

5. ಲೆನ್ಸ್ ಪ್ರಯತ್ನಿಸುವುದು ಹೀಗೆ

ಕನ್ನಡಕದ ಚೀಟಿ ನೋಡಿ ಆನ್‌ಲೈನ್‌ನಲ್ಲಿ ಲೆನ್ಸ್ ತರಿಸಬೇಡಿ. ಲೆನ್ಸಿಗೆ ಅದರದೇ ಬಾಗು, ಅದರದೇ ವ್ಯಾಸ ಇರುತ್ತದೆ, ಅದು ಕಣ್ಣಿನ ಮೇಲೆ ಹೇಗೆ ಕೂರುತ್ತದೆ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ನಂಬರ್ ನಾಲ್ಕು ದಾಟಿದರೆ ಅದೂ ಬದಲಾಗುತ್ತದೆ. ಕನ್ನಡಕದ ಮೈನಸ್ 6 ಲೆನ್ಸಿನಲ್ಲಿ ಸುಮಾರು ಮೈನಸ್ 5.5 ಆಗುತ್ತದೆ.

ದಿನಕ್ಕೊಂದು ಜೊತೆ ಬಿಸಾಡುವ ಲೆನ್ಸಿನಿಂದ ಶುರುಮಾಡಿ. ವಾರಕ್ಕೆ ಎರಡು ಮೂರು ಸಂಜೆ ಮಾತ್ರ ಆಡುವವರಿಗೆ ಇದೇ ಸರಿ. ತಿಂಗಳ ಲೆನ್ಸಿನ ತಿಂಗಳು ಪೊಟ್ಟಣ ಒಡೆದ ದಿನದಿಂದ ಲೆಕ್ಕ. “ಎಂಟೇ ಸಲ ಹಾಕಿದ್ದೇನೆ, ಇನ್ನೂ 22 ದಿನ ಬಾಕಿ” ಎಂಬ ಉಳಿತಾಯ ಇಲ್ಲಿ ನಡೆಯುವುದಿಲ್ಲ.

ಸಿಲಿಂಡರ್ ಇದ್ದವರಿಗೆ ಟೋರಿಕ್ ಲೆನ್ಸ್ ಕೊಡುತ್ತಾರೆ, ಅಂದರೆ ಒಂದು ನಿಶ್ಚಿತ ದಿಕ್ಕಿನಲ್ಲೇ ನಿಲ್ಲಬೇಕಾದ ಲೆನ್ಸ್. ಸ್ನೂಕರ್ ಆಟಗಾರರು ಎಡವುವುದು ಇಲ್ಲೇ. ಈ ಲೆನ್ಸ್ 10 ಡಿಗ್ರಿ ತಿರುಗಿದರೆ ಸಿಲಿಂಡರ್ ತಿದ್ದುಪಡಿಯ ಮೂರನೇ ಒಂದು ಭಾಗ ಕಳೆದುಹೋಗುತ್ತದೆ. 30 ಡಿಗ್ರಿ ತಿರುಗಿದರೆ ಹಾಕಿಯೂ ಪ್ರಯೋಜನವಿಲ್ಲ. ಕುರ್ಚಿಯಲ್ಲಿ ನೆಟ್ಟಗೆ ಕುಳಿತಾಗ ಸರಿಯಾಗಿ ನಿಂತ ಲೆನ್ಸ್, ತಲೆ ಬಗ್ಗಿಸಿ ಕಣ್ಣು ಮೇಲೆತ್ತಿದಾಗ ರೆಪ್ಪೆಯ ಒತ್ತಡಕ್ಕೆ ಜರುಗಬಹುದು. ಹಾಗಾಗಿ ಪ್ರಯತ್ನದ ಲೆನ್ಸ್ ಹಾಕಿಸಿಕೊಂಡು ಇಪ್ಪತ್ತು ನಿಮಿಷ ಬಿಟ್ಟು, ಅಲ್ಲಿನ ಮೇಜೊಂದರ ಮೇಲೆ ಕ್ಯೂ ಹಿಡಿದವರಂತೆ ಬಗ್ಗಿ, ಗೋಡೆಯ ಅಕ್ಷರಗಳನ್ನು ಹತ್ತು ಸೆಕೆಂಡ್ ದಿಟ್ಟಿಸಿ. ಎದ್ದು ಮತ್ತೆ ಬಗ್ಗಿ. ಪ್ರತಿ ಸಲ ಅಕ್ಷರ ಒಂದು ಕ್ಷಣ ಚದುರಿ ಕೂಡಿಕೊಂಡರೆ ಲೆನ್ಸ್ ತಿರುಗುತ್ತಿದೆ ಎಂದರ್ಥ. ಬೇರೆ ಕಂಪನಿಯ ಟೋರಿಕ್ ಕೇಳಿ. ಅದನ್ನು ಸ್ಥಿರವಾಗಿ ನಿಲ್ಲಿಸುವ ವಿನ್ಯಾಸ ಒಬ್ಬೊಬ್ಬರದು ಒಂದೊಂದು ಥರ. ಸುತ್ತಲಿನವರು ನೋಡುತ್ತಾರೆಂಬ ನಾಚಿಕೆ ಬೇಡ.

6. ಕ್ಲಬ್ಬಿನಲ್ಲಿ ಲೆನ್ಸ್

ಲೆನ್ಸನ್ನು ಮನೆಯಲ್ಲೇ ಹಾಕಿಕೊಂಡು ಹೊರಡಿ. ಕ್ಲಬ್ಬಿನಲ್ಲಿ ಬೆರಳು ಮುಟ್ಟಿದಲ್ಲೆಲ್ಲ ಕ್ಯೂ ತುದಿಗೆ ಹಚ್ಚುವ ಚಾಕ್ ಪುಡಿ. ನಾನೊಮ್ಮೆ ಆಟದ ನಡುವೆ ಕಣ್ಣು ಚುಚ್ಚಿತೆಂದು, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಲೆನ್ಸ್ ತೆಗೆದೆ. ಅಂಗೈಯಲ್ಲಿ ಲೆನ್ಸಿನ ಸುತ್ತ ನೀಲಿ ಉಂಗುರ ಮೂಡಿತ್ತು, ಆ ಪುಡಿ ಎರಡು ದಿನ ಕಣ್ಣನ್ನು ಕೆಂಪಗಾಗಿಸಿತು. ಸೋಪಿನಿಂದ ಕೈ ತೊಳೆದು, ನೂಲು ಬಿಡದ ಬಟ್ಟೆಯಲ್ಲಿ ಪೂರ್ತಿ ಒಣಗಿಸಿ, ಆಮೇಲೆ ಕಣ್ಣು ಮುಟ್ಟಿ. ಕೈ ಜಾರದಿರಲೆಂದು ಪೌಡರ್ ಬಳಸುವವರು ಇನ್ನಷ್ಟು ಎಚ್ಚರವಾಗಿರಬೇಕು.

ಎರಡನೆಯ ಶತ್ರು ಒಣಗುವಿಕೆ. ಸಾಮಾನ್ಯವಾಗಿ ನಿಮಿಷಕ್ಕೆ ಸುಮಾರು 15 ಸಲ ಮಿಟುಕುವ ಕಣ್ಣು, ಏನನ್ನಾದರೂ ನೆಟ್ಟು ನೋಡುವಾಗ ಅದರ ಅರ್ಧದಷ್ಟೂ ಮಿಟುಕುವುದಿಲ್ಲ. ಮೇಲೆ ಎಸಿ, ಮೇಜಿನ ದೀಪಗಳ ಬಿಸಿ. ಬಿಳಿ ಚೆಂಡಿನ ಹಿಂದೆ ನಿಂತು ಗುರಿ ನಿಶ್ಚಯಿಸಿಕೊಂಡಾಗ ಎರಡು ಸಲ ಪೂರ್ತಿಯಾಗಿ ರೆಪ್ಪೆ ಮುಚ್ಚಿ ತೆರೆದು, ಆಮೇಲೆ ಬಗ್ಗುವ ಅಭ್ಯಾಸ ಮಾಡಿಕೊಳ್ಳಿ. ಎದುರಾಳಿ ಆಡುವಾಗ ಕುರ್ಚಿಯಲ್ಲಿ ಕುಳಿತು ಕಣ್ಣಿಗೆ ಬಿಡುವು ಕೊಡಿ. ಲೆನ್ಸ್ ಮೇಲೆ ಹಾಕಬಹುದಾದ, ಸಂರಕ್ಷಕವಿಲ್ಲದ ಕೃತಕ ಕಣ್ಣೀರಿನ ಹನಿ ಜೇಬಿನಲ್ಲಿರಲಿ. ಕೆಂಪು ಕಣ್ಣು ಬಿಳಿ ಮಾಡುವ ಹನಿಗಳನ್ನು ಲೆನ್ಸ್ ಮೇಲೆ ಹಾಕಬಾರದು.

ಉಳಿದ ನಿಯಮಗಳಲ್ಲಿ ರಿಯಾಯಿತಿ ಇಲ್ಲ. ಲೆನ್ಸಿಗೆ ನಲ್ಲಿ ನೀರು ತಾಗಬಾರದು, ನೀರಿನಲ್ಲಿರುವ ಅಕಾಂತಮೀಬಾ ಎಂಬ ಸೂಕ್ಷ್ಮಜೀವಿ ಕಣ್ಣನ್ನೇ ಕಸಿದುಕೊಳ್ಳಬಲ್ಲದು. ಎಂಜಲು ತಾಗಿಸುವುದಂತೂ ಬೇಡವೇ ಬೇಡ. ಲೆನ್ಸ್ ಹಾಕಿಕೊಂಡು ಮಲಗಬೇಡಿ, ತಡರಾತ್ರಿ ಆಡಿ ಬಂದು ಸೋಫಾದ ಮೇಲೆ ಒರಗುವವರಿಗೂ ಈ ಮಾತು. ತಿಂಗಳ ಲೆನ್ಸ್ ಬಳಸುವವರು ಡಬ್ಬಿಯನ್ನು ಮೂರು ತಿಂಗಳೊಳಗೆ ಬದಲಾಯಿಸಿ, ಹಳೆಯ ದ್ರಾವಣದ ಮೇಲೆಯೇ ಹೊಸದನ್ನು ಸುರಿಯಬೇಡಿ. ನೋವು, ಕೆಂಪು, ಬೆಳಕು ನೋಡಲಾಗದಿರುವುದು, ಮಂಜು ಇವುಗಳಲ್ಲಿ ಯಾವುದು ಬಂದರೂ ಲೆನ್ಸ್ ತೆಗೆದು ಅಂದೇ ಕಣ್ಣಿನ ವೈದ್ಯರನ್ನು ಕಾಣಿ. ಸೆಮಿಫೈನಲ್ ಇದೆ ಎಂಬುದು ಕಣ್ಣಿಗೆ ಗೊತ್ತಾಗುವುದಿಲ್ಲ.

7. ಕನ್ನಡಕವೇ ಬೇಕೆಂದರೆ

ಲೆನ್ಸ್ ಒಗ್ಗದವರಿಗೆ ಸ್ನೂಕರಿಗೆಂದೇ ಬೇರೆ ಕನ್ನಡಕ ಬೇಕು. ಇರುವುದರಲ್ಲೇ ಹೊಂದಿಸಿಕೊಳ್ಳುತ್ತೇನೆ ಎನ್ನಬೇಡಿ. ಹೆಚ್ಚಿನ ಕನ್ನಡಕದಂಗಡಿಗಳಲ್ಲಿ ಇದನ್ನು ಕೇಳಿದರೆ ಮುಖಮುಖ ನೋಡುತ್ತಾರೆ. ಆದ್ದರಿಂದ ಏನು ಬೇಕೆಂದು ನೀವೇ ಹೇಳಬೇಕಾಗುತ್ತದೆ.

ಗಾಜು ಹುಬ್ಬಿಗಿಂತ ಮೇಲೇಳಬೇಕು. ಮೂಗಿನ ಮೇಲಿನ ಪುಟ್ಟ ಪ್ಯಾಡುಗಳನ್ನು ಬಗ್ಗಿಸಿ ಇಡೀ ಫ್ರೇಮನ್ನು ಎತ್ತರಿಸಲು ಬರುವ ಲೋಹದ ದೊಡ್ಡ ಫ್ರೇಮ್ ಆರಿಸಿ, ಪ್ಲಾಸ್ಟಿಕ್ಕಿನದಾದರೆ ಈ ಸೌಕರ್ಯವಿಲ್ಲ. ಮೇಲಂಚಿನ ಪಟ್ಟಿ ತೆಳ್ಳಗಿರಲಿ. ಮಾಮೂಲಿ ಕನ್ನಡಕದ ಕೆಳಭಾಗ ಕೆನ್ನೆಯ ಕಡೆಗೆ ವಾಲಿರುತ್ತದೆ, ಓದಲು ನಡೆಯಲು ಅದು ಸರಿ. ನಿಮಗೆ ತದ್ವಿರುದ್ಧ ಬೇಕು: ಮೇಲ್ಭಾಗ ಹಣೆಯ ಕಡೆಗೆ ವಾಲಿರಬೇಕು. ಆಗ ಬಗ್ಗಿದವರ ನೋಟ ಗಾಜನ್ನು ಓರೆಯಾಗಿ ಸೀಳದೆ ನೇರವಾಗಿ ಹಾಯುತ್ತದೆ. ಓರೆಯಾಗಿ ಹಾಯ್ದರೆ ಇಲ್ಲದ ಸಿಲಿಂಡರ್ ಹುಟ್ಟಿಕೊಳ್ಳುತ್ತದೆ.

ಈಗ ಎಲ್ಲಕ್ಕಿಂತ ಮುಖ್ಯವಾದ ಕೆಲಸ. ನಂಬರ್ ಗಾಜು ಹಾಕುವ ಮೊದಲು, ಫ್ರೇಮಿನ ಜೊತೆ ಬರುವ ಸಾದಾ ಪ್ಲಾಸ್ಟಿಕ್ ತುಂಡುಗಳು ಇರುವಂತೆಯೇ ಅದನ್ನು ಹಾಕಿಕೊಂಡು ಅಂಗಡಿಯ ಮೇಜಿನ ಮೇಲೆ ಬಗ್ಗಿ, ನಾಲ್ಕೈದು ಹೆಜ್ಜೆ ಆಚೆಯ ಯಾವುದಾದರೂ ಒಂದು ಗುರುತನ್ನು ನೋಡಿ. ಅಂಗಡಿಯವರು ನಿಮ್ಮ ಎದುರು ಕುಕ್ಕರುಗಾಲಲ್ಲಿ ಕುಳಿತು, ಕಣ್ಣಿನ ಪಾಪೆಯ ನೇರಕ್ಕೆ ಮಾರ್ಕರ್ ಪೆನ್ನಿನಿಂದ ಎರಡು ಚುಕ್ಕೆ ಇಡಲಿ. ಎದ್ದು, ಮತ್ತೆ ಬಗ್ಗಿ, ಚುಕ್ಕೆ ಅಲ್ಲೇ ಇದೆಯೇ ಎಂದು ಇನ್ನೊಮ್ಮೆ ನೋಡಿಸಿ. ಗಾಜಿನ ಕೇಂದ್ರಬಿಂದು ಬರಬೇಕಾದದ್ದು ಆ ಚುಕ್ಕೆಗಳಲ್ಲಿ. “ಅದೆಲ್ಲ ಕಂಪ್ಯೂಟರ್ ನೋಡಿಕೊಳ್ಳುತ್ತದೆ” ಎಂದರೆ ಬೇರೆ ಅಂಗಡಿ ನೋಡಿ. ಕಂಪ್ಯೂಟರ್ ನೋಡುವುದು ನಿಂತವರನ್ನು.

ಗಾಜಿನ ವಸ್ತುವಿನಲ್ಲೂ ಒಂದು ಬಲೆಯಿದೆ. ಗಟ್ಟಿಮುಟ್ಟು ಎಂದು ಪಾಲಿಕಾರ್ಬೊನೇಟ್ ಮಾರುತ್ತಾರೆ. ಅದು ಬಣ್ಣಗಳನ್ನು ಒಡೆಯುವುದು ಹೆಚ್ಚು, ಅಂಚಿನಿಂದ ನೋಡಿದಾಗ ಬಿಳಿ ಚೆಂಡಿಗೆ ನೀಲಿ, ಕಿತ್ತಳೆ ಬಣ್ಣದ ಗೆರೆ ಅಂಟಿಕೊಳ್ಳುತ್ತದೆ. ನಂಬರ್ ತೀರ ದೊಡ್ಡದಲ್ಲದಿದ್ದರೆ ಸಿಆರ್-39 ಎಂಬ ಸಾಮಾನ್ಯ ಪ್ಲಾಸ್ಟಿಕ್ಕೇ ಇಲ್ಲಿ ಮೇಲು. ಮೇಜಿನ ದೀಪಗಳು ಗಾಜಿನಲ್ಲಿ ಪ್ರತಿಫಲಿಸದಂತೆ ಲೇಪನ ಹಾಕಿಸಿ. ಅದಕ್ಕೆ ಕೊಡುವ ಹಣ ದಂಡವಲ್ಲ.

8. ಚಾಳೀಸು ಬಂದವರಿಗೆ

ನಲವತ್ತು ದಾಟಿದವರ ದೊಡ್ಡ ತಪ್ಪು ಪ್ರೋಗ್ರೆಸ್ಸಿವ್ ಕನ್ನಡಕದಲ್ಲೇ ಆಡುವುದು. ಮೇಲೆ ದೂರ, ಕೆಳಗೆ ಹತ್ತಿರ ಎಂದು ಹಂತಹಂತವಾಗಿ ಬದಲಾಗುವ ಗಾಜು ಅದು. ನಿಂತು ಮೇಜು ನೋಡಿದರೆ ಓದುವ ಭಾಗ ಅಡ್ಡ ಬರುತ್ತದೆ, ಪಕ್ಕಕ್ಕೆ ನೋಡಿದರೆ ಕುಶನ್ ಬಾಗಿದಂತೆ ಕಾಣುತ್ತದೆ.

ನೆಮ್ಮದಿಯ ಸಂಗತಿಯೆಂದರೆ ಸ್ನೂಕರ್ ದಿನಪತ್ರಿಕೆಗಿಂತ ಸುಲಭ. 40 ಸೆಂಟಿಮೀಟರಿನಲ್ಲಿ ಪತ್ರಿಕೆ ಓದಲು ಕಣ್ಣು ಎರಡೂವರೆ ಡಯಾಪ್ಟರ್ ಹೊಂದಿಸಿಕೊಳ್ಳಬೇಕು. ಮೇಜಿನ ಮೇಲೆ ಬಿಳಿ ಚೆಂಡಿಗೂ ದೂರದ ಪಾಕೆಟ್‌ಗೂ ಇರುವ ಅಂತರ ಒಂದು ಡಯಾಪ್ಟರ್ ಚಿಲ್ಲರೆ ಮಾತ್ರ. ಆದ್ದರಿಂದ ದೂರದ ನಂಬರಿಗೆ ಪ್ಲಸ್ ಕಡೆಗೆ ಕಾಲು ಅಥವಾ ಅರ್ಧ ಡಯಾಪ್ಟರ್ ಸೇರಿಸಿದ ಒಂದೇ ನಂಬರಿನ ಗಾಜು ಬಹಳ ಜನರಿಗೆ ಸಾಕಾಗುತ್ತದೆ. ಪರೀಕ್ಷೆಯ ಕೋಣೆಯಲ್ಲೇ ಎರಡನ್ನೂ ಹಾಕಿಸಿಕೊಂಡು, ಎರಡೂವರೆ ಮೀಟರ್ ದೂರದಲ್ಲಿ ಯಾವುದು ಚೂಪಾಗಿದೆ ಎಂದು ನೋಡಿ.

ಲೆನ್ಸ್ ಕೇಳಿದರೆ “ಒಂದು ಕಣ್ಣಿಗೆ ದೂರ, ಇನ್ನೊಂದಕ್ಕೆ ಹತ್ತಿರ” ಎಂಬ ಮಾನೋವಿಷನ್ ಸಲಹೆ ಬರಬಹುದು. ಅಂಗಡಿಯ ಲೆಕ್ಕ ಬರೆಯುವವರಿಗೆ ಅದು ಒಳ್ಳೆಯದು, ನಿಮಗಲ್ಲ. ಆಳವನ್ನು ಅಳೆಯಲು ಎರಡು ಕಣ್ಣೂ ಒಟ್ಟಿಗೆ ಬೇಕು. ದೂರ, ಹತ್ತಿರ ಎರಡನ್ನೂ ಒಂದರಲ್ಲೇ ಸೇರಿಸಿದ ಮಲ್ಟಿಫೋಕಲ್ ಲೆನ್ಸ್‌ಗಳು ಚೆಂಡಿನ ಅಂಚಿನ ತೀಕ್ಷ್ಣತೆಯನ್ನು ಸ್ವಲ್ಪ ತಿಂದುಹಾಕುತ್ತವೆ. ಎರಡೂ ಕಣ್ಣಿಗೆ ದೂರದ ಲೆನ್ಸ್ ಹಾಕಿ, ಸ್ಕೋರ್ ಬರೆಯಲು ಜೇಬಿನಲ್ಲೊಂದು ಓದುವ ಕನ್ನಡಕ ಇಟ್ಟುಕೊಳ್ಳುವುದು ನನ್ನ ಆಯ್ಕೆ. ಹೆಚ್ಚಿನ ಮೈನಸ್ ನಂಬರಿನವರು ಕನ್ನಡಕದಿಂದ ಲೆನ್ಸಿಗೆ ಬಂದಾಗ ಹತ್ತಿರದ್ದು ಮೊದಲಿಗಿಂತ ಕಷ್ಟವಾಗುವುದೂ ಉಂಟು, ಗಾಬರಿಯಾಗಬೇಡಿ.

9. ಹೊಸ ಕಣ್ಣಿಗೆ ಕೈ ಒಗ್ಗಲು ಸಮಯ ಕೊಡಿ

ಮೈನಸ್ ಕನ್ನಡಕ ಚೆಂಡನ್ನು ಚಿಕ್ಕದಾಗಿ ತೋರಿಸುತ್ತದೆ. ಲೆನ್ಸ್ ಹಾಕಿದ ಮೊದಲ ದಿನ ಚೆಂಡು ಉಬ್ಬಿದಂತೆ, ಪಾಕೆಟ್ ಹತ್ತಿರ ಬಂದಂತೆ ಅನಿಸುತ್ತದೆ. ವರ್ಷಗಟ್ಟಲೆ ಅಭ್ಯಾಸವಾದ ಕೋನಗಳೆಲ್ಲ ಕೂದಲೆಳೆಯಷ್ಟು ತಪ್ಪುತ್ತವೆ. ಟೂರ್ನಿಗೆ ಎರಡು ವಾರ ಇರುವಾಗ ಇದಕ್ಕೆ ಕೈ ಹಾಕಬೇಡಿ. ಮೊದಲ ವಾರ ನೇರ ಪಾಟ್‌ಗಳು ಮಾತ್ರ: ನೀಲಿಯನ್ನು ಅದರ ಸ್ಪಾಟ್ ಮೇಲಿಟ್ಟು, ಮೂಲೆಯ ಪಾಕೆಟ್‌ಗೆ ನೇರ ಗೆರೆಯಲ್ಲಿ ಬಿಳಿಯನ್ನಿಟ್ಟು ಹೊಡೆಯಿರಿ. ಸತತವಾಗಿ ಒಂದೇ ಬದಿಗೆ ತಪ್ಪುತ್ತಿದ್ದರೆ ಭಂಗಿ ತಿದ್ದಲು ಹೋಗದೆ ಇನ್ನೂ ಕೆಲವು ದಿನ ಕಾಯಿರಿ. ಮೂರು ವಾರವಾದರೂ ಅದೇ ಆದರೆ ಪರೀಕ್ಷಿಸಿದವರ ಬಳಿ ಮರಳಿ ಹೋಗಿ.

ಕೆಂಪು, ಕಂದು ಚೆಂಡುಗಳ ನಡುವಿನ ಗೊಂದಲ ಮಾತ್ರ ಈ ಕನ್ನಡಕ, ಲೆನ್ಸುಗಳಿಂದ ಸರಿಹೋಗುವುದಿಲ್ಲ. ಹುಟ್ಟಿನಿಂದ ಬಂದ ಬಣ್ಣಗುರುಡಿಗೆ ಇದು ಮದ್ದಲ್ಲ. 2002ರ ವಿಶ್ವ ಚಾಂಪಿಯನ್ ಪೀಟರ್ ಎಬ್ಡನ್ ಬಣ್ಣಗುರುಡು ಇದ್ದವರೇ. ಬಣ್ಣಗುರುಡು ಇರುವ ಆಟಗಾರ ಕೇಳಿದರೆ ರೆಫರಿ ಚೆಂಡಿನ ಬಣ್ಣ ಹೇಳಬಹುದೆಂದು ಆಟದ ನಿಯಮವೇ ಇದೆ, ಸಂಕೋಚವಿಲ್ಲದೆ ಕೇಳಿ.

10. ಶಸ್ತ್ರಚಿಕಿತ್ಸೆ

ಲೇಸರ್ ಚಿಕಿತ್ಸೆಯ ಬಗ್ಗೆ ಕೇಳುವವರಿಗೆ: ಹದಿನೆಂಟು ದಾಟಿರಬೇಕು, ನಂಬರ್ ಕಡೇಪಕ್ಷ ಒಂದು ವರ್ಷದಿಂದ ಸ್ಥಿರವಾಗಿರಬೇಕು, ಕಾರ್ನಿಯಾ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರ, ಸಾಕಷ್ಟು ದಪ್ಪವಿರಬೇಕು. ಅಳತೆಗೆ ಮೊದಲು ಮೆದು ಲೆನ್ಸನ್ನು ಒಂದೆರಡು ವಾರ, ಗಟ್ಟಿ ಲೆನ್ಸನ್ನು ಇನ್ನೂ ಹೆಚ್ಚು ದಿನ ಬಿಟ್ಟಿರಬೇಕು. ಚಿಕಿತ್ಸೆಯ ನಂತರ ಕೆಲವು ತಿಂಗಳು ಕಣ್ಣು ಒಣಗುವುದು, ದೀಪದ ಸುತ್ತ ಬಳೆ ಕಾಣುವುದು ಸಾಮಾನ್ಯ. ದೀಪದ ಕೆಳಗೇ ಆಡುವ ನಮಗೆ ಅದು ಸಣ್ಣ ಮಾತಲ್ಲ.

2025ರಲ್ಲಿ 50ನೇ ವಯಸ್ಸಿಗೆ ವಿಶ್ವ ಚಾಂಪಿಯನ್‌ಶಿಪ್ ಫೈನಲ್ ತಲುಪಿದ ಮಾರ್ಕ್ ವಿಲಿಯಮ್ಸ್ ತಮ್ಮ ದೃಷ್ಟಿ ಕುಂದುತ್ತಿರುವುದನ್ನು ಬಹಿರಂಗವಾಗಿಯೇ ಹೇಳಿಕೊಂಡವರು. ಹಿರಿಯ ಆಟಗಾರರಿಗೆ ಕಣ್ಣಿನ ಪೊರೆ ತೆಗೆದು ಒಳಗೆ ಕೃತಕ ಲೆನ್ಸ್ ಇಡುವ ಹೊತ್ತು ಬಂದರೆ, ಅದರ ನಂಬರನ್ನು ಯಾವ ದೂರಕ್ಕೆ ಗುರಿಯಿಡಬೇಕೆಂದು ಶಸ್ತ್ರಚಿಕಿತ್ಸೆಗೆ ಮೊದಲೇ ಮಾತಾಡಿಕೊಳ್ಳಿ, ಆಮೇಲೆ ಅದನ್ನು ಬದಲಿಸುವುದು ಸುಲಭವಲ್ಲ. ಎರಡೂ ಕಣ್ಣಿಗೆ ಒಂದೇ ದೂರದ ಲೆನ್ಸನ್ನು ಆಯ್ದುಕೊಂಡರೆ ಮೇಜಿನ ಮೇಲೆ ಸುಖ. ಎಷ್ಟು ದಿನ ಬಗ್ಗಬಾರದು ಎಂಬುದನ್ನು ವೈದ್ಯರಲ್ಲಿ ಕೇಳುವಾಗ, ಬಗ್ಗುವುದೆಂದರೆ ಗಲ್ಲ ಕ್ಯೂಗೆ ತಾಗುವಷ್ಟು ಎಂದು ಆ ಫೋಟೊವನ್ನೇ ಇನ್ನೊಮ್ಮೆ ತೋರಿಸಿ.